ಭಾವನ ಕಾರಲ್ಲಿ ಆರು ವಾರ: ಜೋರಿನ ಸೆಡಾನ್ ದಿನದ ಓಡಾಟಕ್ಕೆ ಆಗುತ್ತಾ?

ಭಾವ ರಜೆ ಮುಗಿಸಿ ಮಸ್ಕತ್‌ಗೆ ಹೊರಟ ದಿನ ಕಾರಿನ ಕೀ ನನ್ನ ಕೈಗೆ ಕೊಟ್ಟರು. "ಸುಮ್ನೆ ಶೆಡ್ಡಲ್ಲಿ ಇಟ್ರೆ ಬ್ಯಾಟರಿ ಇಳೀತದೆ, ನೀನೇ ಓಡಿಸ್ತಾ ಇರು ಮಾರಾಯ" ಅಂದರು. ಜೂನ್ ತಿಂಗಳು. ಮಳೆ ಆಗಷ್ಟೇ ಹಿಡಿದಿತ್ತು. ಕಾರು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, 1.5 ಲೀಟರ್ ಟರ್ಬೊ ಪೆಟ್ರೋಲ್ (ಎಂಜಿನ್ ಒಳಗೆ ಹೆಚ್ಚು ಗಾಳಿ ತಳ್ಳುವ ಪಂಪೇ ಟರ್ಬೊ), 6 ಗೇರಿನ ಮ್ಯಾನ್ಯುವಲ್.

ನನಗೂ ಕಾರು ಬದಲಿಸುವ ಹೊತ್ತು ಬಂದಿತ್ತು. ಹನ್ನೊಂದು ವರ್ಷದ ಡೀಸೆಲ್ ಹ್ಯಾಚ್‌ಬ್ಯಾಕ್ ಇದೆ, ಇನ್ನೂ ಓಡುತ್ತದೆ. ಆದರೆ ವಾರಕ್ಕೆ ನಾಲ್ಕು ದಿನ ಉಡುಪಿಯಿಂದ ಮಂಗಳೂರಿಗೆ ಹೋಗಿ ಬರುವವನಿಗೆ ಅದು ಸಾಕಾಗುತ್ತಿಲ್ಲ. ಎರಡು ಶೋರೂಮಿಗೆ ಹೋಗಿ ಬಂದಿದ್ದೆ. ಒಂದು ಕಡೆ ಟೆಸ್ಟ್ ಡ್ರೈವ್ ಅಂದರೆ ಹೈವೇಯಲ್ಲಿ ಮೂರು ಕಿಲೋಮೀಟರ್ ಹೋಗಿ ಯು ಟರ್ನ್ ಹೊಡೆದು ಬರುವುದು, ಅಷ್ಟೇ. ಪಕ್ಕದಲ್ಲಿ ಕೂತ ಹುಡುಗ ಟಚ್ ಸ್ಕ್ರೀನ್ ಬಗ್ಗೆ ಹೇಳುತ್ತಲೇ ಇದ್ದ. ಚಡಾವು ಇರುವ ರಸ್ತೆಗೆ ಹೋಗೋಣ ಅಂದರೆ ರೂಟ್ ಫಿಕ್ಸ್ ಉಂಟು ಸರ್ ಅಂದ. ಸುಮಾರು ಇಪ್ಪತ್ತು ಲಕ್ಷದ ಮಾತು, ಮೂರು ಕಿಲೋಮೀಟರಲ್ಲಿ ಎಂತ ಗೊತ್ತಾಗುತ್ತದೆ ಹೇಳಿ? ಹಾಗಾಗಿ ಭಾವ ಕೊಟ್ಟ ಈ ಆರು ವಾರ ನನಗೆ ದೊಡ್ಡ ಉಪಕಾರ.

ನನ್ನ ಮನೆ ಅಂಬಲಪಾಡಿ ಕಡೆ, ಆಫೀಸು ಬಿಜೈಯಲ್ಲಿ. ದಾರಿ ಅಂದರೆ ರಾಷ್ಟ್ರೀಯ ಹೆದ್ದಾರಿ 66. ಉದ್ಯಾವರ, ಕಟಪಾಡಿ, ಕಾಪು, ಪಡುಬಿದ್ರಿ, ಹೆಜಮಾಡಿ ಟೋಲ್, ಮುಲ್ಕಿ, ಸುರತ್ಕಲ್, ಆಮೇಲೆ ಪಣಂಬೂರಿನ ಟ್ರಕ್ಕುಗಳ ನಡುವೆ ನುಸುಳಿ ಕೂಳೂರು ಸೇತುವೆ, ಕೊಟ್ಟಾರ ಚೌಕಿ, ಕುಂಟಿಕಾನ. ಈ ದಾರಿಯಲ್ಲಿ ಓಡಾಡುವವರಿಗೆ ಗೊತ್ತು, ಇಲ್ಲಿ ಬೇಕಾಗುವ ಜೋರೇ ಬೇರೆ. 180ಕ್ಕೆ ಹೋಗುವ ಜೋರು ಯಾರಿಗೂ ಬೇಡ. ಬ್ಯಾರಿಕೇಡ್ ಹತ್ತಿರ 30ಕ್ಕೆ ಇಳಿದು ಮತ್ತೆ 70ಕ್ಕೆ ಏರಬೇಕು, ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಹೊಡೆಯುತ್ತಾ ಬರುತ್ತಿರುತ್ತದೆ, ಎದುರಿಗೆ ರಾಂಗ್ ಸೈಡಲ್ಲಿ ಒಂದು ಸ್ಕೂಟರ್, ಎಡಗಡೆಯಿಂದ ಸರ್ವಿಸ್ ರೋಡಿನ ರಿಕ್ಷಾ ನುಗ್ಗುತ್ತದೆ. ಆಗ ಬೇಕಾಗುವುದು ಕೆಳಗಿನ ಸ್ಪೀಡಲ್ಲಿ ತಕ್ಷಣ ಸಿಗುವ ಎಳೆತ, ಮತ್ತೆ ನಂಬಿಕೆ ಇಡಬಹುದಾದ ಬ್ರೇಕ್. ನನ್ನ ಮಟ್ಟಿಗೆ ಸ್ಪೋರ್ಟಿ ಅನ್ನುವ ಮಾತಿಗೆ ದಿನದ ಅರ್ಥ ಇದೇ.

ಜನ ಮೊದಲು ಕೇಳುವುದು ಎಷ್ಟು ಪವರ್ ಅಂತ. ಈ ಎಂಜಿನ್ನಿಗೆ 150 ಪಿಎಸ್, ಅಂದರೆ ಹೆಚ್ಚುಕಡಿಮೆ ಅಷ್ಟೇ ಕುದುರೆ ಶಕ್ತಿ. ಆದರೆ ಅಷ್ಟೂ ಸಿಗುವುದು 5,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಮುಟ್ಟಿದ ಮೇಲೆ. ಆರು ವಾರದಲ್ಲಿ ನಾನು ಅಲ್ಲಿಗೆ ಹೋದದ್ದನ್ನು ಬೆರಳಲ್ಲಿ ಎಣಿಸಬಹುದು. ದಿನಾ ಕೆಲಸಕ್ಕೆ ಬಂದದ್ದು ಇನ್ನೊಂದು ಅಂಕಿ, 250 ಎನ್‌ಎಂ ಟಾರ್ಕ್, ಅಂದರೆ ಎಳೆತದ ಬಲ. ಅದು 1,600ರಿಂದ 3,500 ಆರ್‌ಪಿಎಂವರೆಗೆ ಒಂದೇ ಸಮ ಸಿಗುತ್ತದೆ. ಟರ್ಬೊ ಇಲ್ಲದ ಹೋಂಡಾ ಸಿಟಿಯ ಜೊತೆ ಇಟ್ಟು ನೋಡಿ. ಅದೂ 1.5 ಲೀಟರೇ, 121 ಪಿಎಸ್ ಉಂಟು. ಟಾರ್ಕ್ ಮಾತ್ರ 145 ಎನ್‌ಎಂ, ಅದೂ 4,300 ಆರ್‌ಪಿಎಂಗೆ. ಸಿಟಿಯ ಎಂಜಿನ್ ಬೆಣ್ಣೆಯ ಹಾಗಿದೆ, ಮೇಲೆ ಹೋದಷ್ಟೂ ಚೆಂದ ಹಾಡುತ್ತದೆ. ಆದರೆ ನಾಲ್ಕು ಜನ, ಎಸಿ, ಡಿಕ್ಕಿ ತುಂಬ ಸಾಮಾನು ಹಾಕಿಕೊಂಡು ಬಿಜೈಯಿಂದ ಕದ್ರಿ ಕಡೆ ಚಡಾವು ಹತ್ತುವಾಗ ಎಂಜಿನ್ 2,000 ಆರ್‌ಪಿಎಂನಲ್ಲಿರುತ್ತದೆ, 4,300ರಲ್ಲಲ್ಲ. ಅಲ್ಲಿ ಯಾವುದು ಎಳೆಯುತ್ತದೆ ಅನ್ನುವುದೇ ಲೆಕ್ಕ. ಹ್ಯುಂಡೈ ವೆರ್ನಾ ಟರ್ಬೊ ಕೂಡ ಇದೇ ಜಾತಿ, 160 ಪಿಎಸ್, 253 ಎನ್‌ಎಂ, 1,500ರಿಂದಲೇ ಶುರು.

ಆದರೆ ಟರ್ಬೊಗೆ ಒಂದು ಗುಣ ಇದೆ, ಅದು ಗೊತ್ತಿರಬೇಕು. ಟರ್ಬೊ ತಿರುಗುವುದು ಎಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸಕ್ಕೆ. ಎಂಜಿನ್ ನಿಧಾನ ಇದ್ದರೆ ಹೊಗೆಯೂ ಕಡಿಮೆ, ಒಳಗೆ ತಳ್ಳುವ ಗಾಳಿಯೂ ಕಡಿಮೆ. ಹಾಗಾಗಿ 1,500ಕ್ಕಿಂತ ಕೆಳಗೆ ಒಂದು ಸಣ್ಣ ಗುಳಿ ಇರುತ್ತದೆ. ನನ್ನ ಹಳೇ ಡೀಸೆಲ್‌ನಲ್ಲೂ ಇತ್ತು, ಕಾಲಿಗೆ ರೂಢಿ ಆಗಿಹೋಗಿತ್ತು. ಈ ಕಾರಲ್ಲಿ ಮೊದಲ ವಾರ ಚಡಾವಿನಲ್ಲಿ ಮೂರನೇ ಗೇರಲ್ಲೇ ಎಳೆಸಲು ನೋಡುತ್ತಿದ್ದೆ, ಕಾರು ಏದುಸಿರು ಬಿಡುತ್ತಿತ್ತು. ಎರಡಕ್ಕೆ ಹಾಕಿ ಮುಳ್ಳು 1,800 ದಾಟಿಸಿದರೆ ಸಾಕು, ಆಮೇಲೆ ಯಾರೋ ಹಿಂದಿನಿಂದ ನೂಕಿದ ಹಾಗೆ ಹತ್ತುತ್ತದೆ. ಎರಡನೇ ವಾರಕ್ಕೆ ಕಾಲಿಗೆ ತಾನಾಗಿ ಗೊತ್ತಾಯಿತು.

ಒಂದು ಭಾನುವಾರ ಆಗುಂಬೆಗೆ ಹೋದೆವು. ಹೆಬ್ರಿ, ಸೋಮೇಶ್ವರ ದಾಟಿ ಘಾಟಿ. 14 ಹೇರ್‌ಪಿನ್ ತಿರುವು, ಅಗಲ ಇಲ್ಲದ ರಸ್ತೆ, ಮಂಜು, ಮಂಗಗಳು. ಈ ಕಾರಿನ ನಿಜವಾದ ಗುಣ ನನಗೆ ಕಂಡದ್ದು ಅಲ್ಲಿ. ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದಷ್ಟೇ ತಿರುಗುತ್ತದೆ, ಮೈ ವಾಲುವುದು ಕಡಿಮೆ, ಹಿಂದೆ ಕೂತವರಿಗೆ ವಾಂತಿ ಬರುವ ಹಾಗೆ ತೂಗಾಡುವುದಿಲ್ಲ. ಘಾಟಿಯಲ್ಲಿ ಯಾವಾಗಲೂ ತಲೆ ತಿರುಗುತ್ತದೆ ಎನ್ನುವ ನನ್ನ ಹೆಂಡತಿ ಮೇಲೆ ಹೋಗಿ ಆರಾಮವಾಗಿ ಚಹಾ ಕುಡಿದಳು. ಗಟ್ಟಿ ಸಸ್ಪೆನ್ಷನ್ ಅಂದರೆ ಸುಖ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಊರೊಳಗಿನ ಹೊಂಡದಲ್ಲಿ ಅದು ಸ್ವಲ್ಪ ನಿಜ, ಆದರೆ ತಿರುವು ಜಾಸ್ತಿ ಇರುವ ನಮ್ಮ ಕಡೆ ಮೈ ವಾಲದ ಕಾರೇ ಸುಖ. ಮೂರು ಕಡೆ ಮಾತ್ರ ಒಂದನೇ ಗೇರಿಗೆ ಬರಬೇಕಾಯಿತು, ಎದುರಿನಿಂದ ಬರುವವರಿಗೆ ನಿಂತು ದಾರಿ ಬಿಟ್ಟ ಜಾಗಗಳಲ್ಲಿ. ಚಡಾವಿನಲ್ಲಿ ಕಾರನ್ನು ತಾನೇ ಹಿಡಿಯುವ ಹಿಲ್ ಹೋಲ್ಡ್ ಇರುವುದರಿಂದ ಬ್ರೇಕ್ ಬಿಟ್ಟರೂ ಒಂದೆರಡು ಸೆಕೆಂಡ್ ಹಿಂದೆ ಜಾರುವುದಿಲ್ಲ. ಚಡಾವಿನ ಸಿಗ್ನಲ್ಲಿನಲ್ಲಿ ಹಿಂದಿನ ಗಾಡಿ ಬಂಪರಿಗೆ ಅಂಟಿ ನಿಲ್ಲುವ ಮಂಗಳೂರಲ್ಲಿ ಇದು ದಿನಾ ಉಪಯೋಗಕ್ಕೆ ಬರುತ್ತದೆ.

ಇಳಿಯುವಾಗ ಎರಡನೇ ಗೇರಲ್ಲಿ ಎಂಜಿನ್ನೇ ಹಿಡಿದುಕೊಳ್ಳಲು ಬಿಡಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಬ್ರೇಕ್ ಕಾದರೆ ಹಿಡಿತ ಸಡಿಲ ಆಗುತ್ತದೆ, ಯಾವ ಕಾರಾದರೂ. ಹಿಂದಿನ ಚಕ್ರಕ್ಕೆ ಡಿಸ್ಕ್ ಇಲ್ಲ, ಡ್ರಮ್ ಎಂದು ಈ ಕಾರಿನ ಬಗ್ಗೆ ತುಂಬ ಜನ ಹೇಳುತ್ತಾರೆ. ಆ ಮಾತು ಸರಿ, ಈ ಬೆಲೆಗೆ ಡಿಸ್ಕ್ ಇರಬೇಕಿತ್ತು ಎಂದು ನನಗೂ ಅನಿಸುತ್ತದೆ. ಆದರೆ ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬೀಳುತ್ತದೆ, ಹೆಚ್ಚಿನ ಕೆಲಸ ಮುಂದಿನ ಡಿಸ್ಕಿನದೇ. ಕದ್ರಿ ಇಳಿಜಾರಲ್ಲಾಗಲಿ ಹೈವೇಯಲ್ಲಾಗಲಿ ನನಗೆ ಕೊರತೆ ಕಾಣಲಿಲ್ಲ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಕೆಳಗೆ ತಾಗುತ್ತದಾ?

ಗ್ರೌಂಡ್ ಕ್ಲಿಯರೆನ್ಸ್ 179 ಮಿಲಿಮೀಟರ್, ಕಾರು ಖಾಲಿ ಇದ್ದಾಗಿನ ಲೆಕ್ಕ. ಅಂಕಿ ಚೆನ್ನಾಗಿದೆ. ಆದರೆ ಅದೊಂದನ್ನೇ ನೋಡಬೇಡಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ 2,651 ಮಿಲಿಮೀಟರ್. ಈ ಅಂತರ ಉದ್ದ ಇದ್ದಷ್ಟೂ ಎತ್ತರದ ಹಂಪ್ ಹೊಟ್ಟೆಗೆ ಹತ್ತಿರ ಬರುತ್ತದೆ. ಅಷ್ಟೇ ಎತ್ತರದ ಸಣ್ಣ ಹ್ಯಾಚ್‌ಬ್ಯಾಕ್ ಆರಾಮವಾಗಿ ದಾಟುವ ಹಂಪಿನಲ್ಲಿ ಉದ್ದ ಸೆಡಾನ್ ಜಾಗ್ರತೆ ಮಾಡಬೇಕು. ಅದಕ್ಕೇ ಓರೆ ಹಾಕಿ ಒಂದೊಂದೇ ಚಕ್ರ ಹತ್ತಿಸುವುದು. ಒಬ್ಬನೇ ಇದ್ದಾಗ ಎಲ್ಲಿಯೂ ತಾಗಲಿಲ್ಲ. ಐದು ಜನ ಕೂತು ಕಟೀಲಿಗೆ ಹೋದ ದಿನ ಎರಡು ಹಂಪಿನಲ್ಲಿ ಓರೆ ಹಾಕಿದೆ, ಅಷ್ಟೇ. ಟೆಸ್ಟ್ ಡ್ರೈವಿಗೆ ಹೋಗುವವರು ದಯವಿಟ್ಟು ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗಿ. ನಿಮ್ಮ ಮನೆ ರಸ್ತೆಯ ಹಂಪ್ ಮೇಲೆ ಹತ್ತಿಸಿ ನೋಡಿ.

ಟಯರು 205/55 ಆರ್16. ಅಂದರೆ 205 ಮಿಲಿಮೀಟರ್ ಅಗಲ, ಅದರ 55 ಶೇಕಡಾ ಎತ್ತರದ ರಬ್ಬರ್ ಗೋಡೆ, ಹೆಚ್ಚುಕಡಿಮೆ 113 ಮಿಲಿಮೀಟರ್. ಹೊಂಡಕ್ಕೆ ಬಿದ್ದಾಗ ರಿಮ್ಮನ್ನು ಕಾಯುವುದು ಈ ಗೋಡೆ. ಚೆಂದ ಕಾಣಲಿ ಎಂದು ದೊಡ್ಡ ಅಲಾಯ್ ಹಾಕಿಸಿ ಈ ಗೋಡೆಯನ್ನು ತೆಳ್ಳಗೆ ಮಾಡಬೇಡಿ, ನಮ್ಮ ಮಳೆಗಾಲದ ಹೊಂಡಕ್ಕೆ ಅದು ಆಗದು. ಇನ್ನು ನೀರು. ಜೋರು ಮಳೆಯಲ್ಲಿ ಪಡುಬಿದ್ರಿ, ಮುಲ್ಕಿ ನಡುವೆ ಬಲಗಡೆ ಲೇನಿನಲ್ಲಿ ಡಿವೈಡರ್ ಪಕ್ಕ ನೀರು ನಿಂತಿರುತ್ತದೆ. ಅಗಲ ಟಯರು ಒಣ ರಸ್ತೆಯಲ್ಲಿ ಹಿಡಿತ ಕೊಡುತ್ತದೆ, ನಿಂತ ನೀರಲ್ಲಿ ಅದೇ ಅಗಲ ತೇಲಲು ಶುರು ಮಾಡುತ್ತದೆ. ಕಾನೂನಿಗೆ ಟಯರಿನ ಗೆರೆ 1.6 ಮಿಲಿಮೀಟರ್ ಆಳ ಇದ್ದರೆ ಸಾಕು, ಆದರೆ ನಮ್ಮ ಮಳೆಗೆ 3ಕ್ಕಿಂತ ಕೆಳಗೆ ಬಂದ ಟಯರಲ್ಲಿ ನಾನು ಹೋಗುವುದಿಲ್ಲ. 250 ಎನ್‌ಎಂ ಮುಂದಿನ ಎರಡು ಚಕ್ರಕ್ಕೇ ಹೋಗುವ ಕಾರಲ್ಲಿ ಒದ್ದೆ ರಸ್ತೆಯಲ್ಲಿ ಕಾಲು ಒತ್ತಿದರೆ ಚಕ್ರ ಜಾರದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲ್ ದೀಪ ಮಿನುಗುತ್ತದೆ. ಮಿನುಗಿದರೆ ಕಾಲು ಸಡಿಲ ಬಿಡಿ.

ಮೈಲೇಜ್ ನಾನು ಟ್ಯಾಂಕ್ ತುಂಬಿಸಿ ತುಂಬಿಸಿ ಬರೆದಿಟ್ಟೆ. ಹೈವೇಯಲ್ಲಿ 80ರ ಆಸುಪಾಸು ಹೋದರೆ ಲೀಟರಿಗೆ 17 ಕಿಲೋಮೀಟರ್‌ವರೆಗೆ ಬಂತು. ಕಟಪಾಡಿ ದಾಟಿದ ಮೇಲೆ ಸಮತಟ್ಟು ರಸ್ತೆಯಲ್ಲಿ ಆರನೇ ಗೇರಲ್ಲಿ ಕಾಲು ಹಗುರ ಇಟ್ಟರೆ ನಾಲ್ಕು ಸಿಲಿಂಡರಲ್ಲಿ ನಡುವಿನ ಎರಡು ಕೆಲಸ ನಿಲ್ಲಿಸುತ್ತವೆ, ಮೀಟರಿನಲ್ಲಿ ಅದನ್ನು ತೋರಿಸುತ್ತದೆ. ಕಾಲು ಒತ್ತಿದ ಕೂಡಲೇ ನಾಲ್ಕೂ ಸೇರಿಕೊಳ್ಳುತ್ತವೆ, ಕೂತವರಿಗೆ ಗೊತ್ತೇ ಆಗುವುದಿಲ್ಲ. ಮಂಗಳೂರು ಪೇಟೆಯೊಳಗೆ ಮಾತ್ರ 10, 11. ಸಂಜೆ ನಂತೂರಿನಲ್ಲಿ ಸಿಕ್ಕಿಬಿದ್ದ ದಿನ ಇನ್ನೂ ಕಡಿಮೆ. ಹಳೇ ಡೀಸೆಲ್ ಕೊಟ್ಟ ಲೆಕ್ಕ ಮರೆಯಲೇಬೇಕು.

ಆಟೊಮ್ಯಾಟಿಕ್ ತೆಗೆದುಕೋ ಎಂದು ಆಫೀಸಿನವರೆಲ್ಲ ಹೇಳಿದರು. ಇದೇ ಕಾರಿಗೆ 7 ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಇದೆ, ಹೈವೇಯಲ್ಲಿ ಅದರಷ್ಟು ಬೇಗ ಗೇರ್ ಬದಲಿಸಲು ನನ್ನ ಕೈಯಿಂದ ಸಾಧ್ಯ ಇಲ್ಲ. ಆದರೆ ಡ್ರೈ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್) ಇರುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಯಾವುದೇ ಆದರೂ ಚಡಾವಿನ ಟ್ರಾಫಿಕ್ಕಲ್ಲಿ ಇಂಚಿಂಚು ತೆವಳಿದರೆ ಕ್ಲಚ್ ಬಿಸಿಯಾಗುತ್ತದೆ. ಮುಂದಿನ ಗಾಡಿ ಸ್ವಲ್ಪ ದೂರ ಹೋಗಲು ಬಿಟ್ಟು, ಬ್ರೇಕಲ್ಲಿ ನಿಂತು, ಆಮೇಲೆ ಒಮ್ಮೆಲೇ ಹೋಗಬೇಕು. ಅಷ್ಟು ಜಾಗ ಬಿಟ್ಟರೆ ಇಲ್ಲಿ ಎರಡು ರಿಕ್ಷಾ ನುಗ್ಗುತ್ತವೆ. ನನಗೆ ಮ್ಯಾನ್ಯುವಲ್ಲೇ ಇರಲಿ. ದಿನಾ ಪೇಟೆಯಲ್ಲೇ ಓಡಾಡುವವರ ಮಂಡಿಗೆ ಆಟೊಮ್ಯಾಟಿಕ್ ಬೇಕಾದೀತು, ಅದನ್ನು ಅಲ್ಲ ಎನ್ನುವುದಿಲ್ಲ.

ಮಂಡಿ ಅಂದ ಕೂಡಲೇ ಅಮ್ಮನ ನೆನಪಾಯಿತು. ಮೊದಲ ದಿನವೇ ಹಿಂದೆ ಕೂತು "ಎಂತ ಮಗಾ, ಇದು ನೆಲದ ಮೇಲೆ ಕೂತ ಹಾಗೆ ಆಗ್ತದೆ" ಅಂದರು. ಸೆಡಾನ್ ಎಲ್ಲವೂ ಹಾಗೆಯೇ, ಕೆಳಗಿಳಿದು ಕೂರಬೇಕು, ಎದ್ದು ಬರಬೇಕು. ಅಮ್ಮನಿಗೆ ಎಪ್ಪತ್ತೆರಡು. ಇದೊಂದೇ ಕಾರಣಕ್ಕೆ ಎಸ್‌ಯುವಿ ತೆಗೆದುಕೊಳ್ಳಬೇಕಾ ಎಂದು ಎರಡು ರಾತ್ರಿ ಯೋಚಿಸಿದ್ದೇನೆ. ಆಮೇಲೆ ಮುಂದಿನ ಸೀಟನ್ನು ಎತ್ತರಿಸಿ, ಹಿಂದಕ್ಕೆ ತಳ್ಳಿ ಅಲ್ಲಿ ಕೂರಿಸಿ ನೋಡಿದೆ. ಬಾಗಿಲು ಅಗಲ ತೆರೆಯುತ್ತದೆ, ಮೊದಲು ಕೂತು ಆಮೇಲೆ ಕಾಲು ಒಳಗೆ ತೆಗೆದುಕೊಂಡರೆ ಕಷ್ಟ ಇಲ್ಲ. ಅಮ್ಮನಿಗೆ ಈಗ ಅದೇ ಸೀಟು ಇಷ್ಟ. ಡಿಕ್ಕಿ 521 ಲೀಟರ್, ಅತ್ತೆ ಮನೆಯಿಂದ ಬರುವಾಗ ಎರಡು ಹಲಸಿನ ಹಣ್ಣು, ಒಂದು ಬಾಳೆಗೊನೆ, ಅಕ್ಕಿ ಗೋಣಿ, ಎಲ್ಲರ ಬ್ಯಾಗು ಹಾಕಿದರೂ ಜಾಗ ಉಳಿಯಿತು. 2023ರಲ್ಲಿ ಕಾರನ್ನು ಗುದ್ದಿಸಿ ಸುರಕ್ಷತೆ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರಿಗೂ ಮಕ್ಕಳಿಗೂ 5 ಸ್ಟಾರ್ ಬಂದಿದೆ. ಈ ಹೈವೇಯಲ್ಲಿ ಮನೆಯವರನ್ನು ಕರೆದುಕೊಂಡು ಹೋಗುವವನಿಗೆ ಅದು ದೊಡ್ಡ ಸಮಾಧಾನ.

ದುಡ್ಡಿನ ಲೆಕ್ಕ ಹಾಕಿದೆ. ಇದೇ ಕಾರಿನ 1.0 ಲೀಟರ್ ಎಂಜಿನ್ 115 ಪಿಎಸ್, 178 ಎನ್‌ಎಂ, ಬೆಲೆ ಕಡಿಮೆ. ಸಣ್ಣ ಎಂಜಿನ್ ಅಂದರೆ ಜಿಎಸ್‌ಟಿ ಕಡಿಮೆ ಎಂದುಕೊಂಡಿದ್ದೆ, ಇಲ್ಲ. ಕಾರು 4 ಮೀಟರಿಗಿಂತ ಉದ್ದ, ಹಾಗಾಗಿ ಎರಡಕ್ಕೂ 40 ಶೇಕಡಾ. ಅದರ ಮೇಲೆ ನಮ್ಮ ರಾಜ್ಯದ ರೋಡ್ ಟ್ಯಾಕ್ಸ್, 10ರಿಂದ 20 ಲಕ್ಷದ ಕಾರಿಗೆ 17 ಶೇಕಡಾ, ಆ ಟ್ಯಾಕ್ಸಿನ ಮೇಲೆ ಮತ್ತೆ 11 ಶೇಕಡಾ ಸೆಸ್. ಅಂದರೆ ಶೋರೂಮ್ ಬೆಲೆಯಲ್ಲಿ ಒಂದು ಲಕ್ಷ ಜಾಸ್ತಿ ಆದರೆ ರಸ್ತೆಗೆ ಬರುವಾಗ ಸುಮಾರು 1 ಲಕ್ಷ 19 ಸಾವಿರ. ಪೇಟೆಯೊಳಗೆ ಮಾತ್ರ ಓಡಿಸುವವರಾದರೆ 1.0 ಸಾಕು, ಉಳಿದ ದುಡ್ಡು ಇಟ್ಟುಕೊಳ್ಳಿ. ನನ್ನ ದಾರಿಗೆ, ಹೆಜಮಾಡಿ ಟೋಲ್ ದಾಟಿ ಎಕ್ಸ್‌ಪ್ರೆಸ್ ಬಸ್ಸಿನ ಮುಂದೆ ಹೊರಡುವ ಆ ಐದು ಸೆಕೆಂಡಿಗೆ, 1.5ರ ಎಳೆತ ಬೇಕು ಎಂದು ನನಗೆ ಖಾತ್ರಿ ಆಗಿದೆ.

ಹೀಗೆ ಎಲ್ಲ ಒಪ್ಪಿಗೆ ಆಯಿತು, ಒಂದು ಜಾಗ ಬಿಟ್ಟು. ನಮ್ಮ ಮನೆ ಗೇಟಿನ ಮುಂದೆ ಮೋರಿ ಉಂಟು. ಅದರ ಸ್ಲ್ಯಾಬ್ ದಾಟಿ ಅಂಗಳಕ್ಕೆ ಇಳಿಯುವ ಜಾಗ ತುಂಬ ಕಡಿದು. ಅಲ್ಲಿ ಮುಂದಿನ ಬಂಪರಿನ ಅಡಿ ಪ್ರತಿ ದಿನ ಬೆರಳಷ್ಟು ಅಂತರದಲ್ಲಿ ಉಳಿಯುತ್ತಿತ್ತು. ಭಾವನ ಕಾರು ಅಲ್ವಾ, ಹೆಂಡತಿಯನ್ನು ಇಳಿಸಿ, ನೋಡಿಕೊಂಡು ಕಾರನ್ನು ಅಂಗಳಕ್ಕೆ ಇಳಿಸುತ್ತಿದ್ದೆ. ನಮ್ಮದೇ ಕಾರು ಬಂದ ಮೇಲೆ ದಿನಾ ಹಾಗೆ ಮಾಡಲು ಆಗುವುದಿಲ್ಲ. ಎರಡು ಅಡಿ ಉದ್ದ ಮಾಡಿ ಇಳಿಜಾರು ತಗ್ಗಿಸಲು ಮೇಸ್ತ್ರಿಗೆ ಹೇಳಿದ್ದೇನೆ. ಮಳೆ ಬಿಟ್ಟ ಮೇಲೆ ಬರುತ್ತೇನೆ ಅಂದಿದ್ದಾರೆ.