ಪೆಟ್ಟಿಗೆ ಸರಿಸಿದ ತಾರೀಕು

ಬದಿಯಡ್ಕದಿಂದ ಒಳಗೆ ಒಂದು ಫಾರ್ಮಿನಲ್ಲಿ ಹವಾಮಾನದ ಪುಸ್ತಕ ಬರೆಯುವುದು ನನ್ನ ಕೆಲಸ. ದಿನಾ ಬೆಳಗ್ಗೆ ಥರ್ಮಾಮೀಟರ್ ಇಟ್ಟ ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದು ಗರಿಷ್ಠ, ಕನಿಷ್ಠ ತಾಪಮಾನ ಎರಡನ್ನೂ ಓದಿ ಬರೆದು, ಗರಿಷ್ಠದ ಥರ್ಮಾಮೀಟರನ್ನು ಕೊಡವಿ ಪಾದರಸ ಇಳಿಸಿ, ಕನಿಷ್ಠದ್ದನ್ನು ಓರೆ ಮಾಡಿ ಒಳಗಿನ ಕಡ್ಡಿಯನ್ನು ಜಾಗಕ್ಕೆ ತರುತ್ತೇನೆ.

ಮೂರು ವರ್ಷದ ಹಿಂದೆ ಕೃಷಿಕರ ಸಭೆಗೆ ನಮ್ಮ ಲೆಕ್ಕದ ಗ್ರಾಫ್ ಒಯ್ದಿದ್ದೆ. ಗೆರೆ ನಡುವೆ ಒಮ್ಮೆಗೇ ಅರ್ಧ ಡಿಗ್ರಿಯಷ್ಟು ಕೆಳಗಿಳಿದಿತ್ತು. ‘ನಮ್ಮಲ್ಲಿ ಸೆಕೆ ಕಮ್ಮಿಯಾಗಿದೆ’ ಎಂದು ಹೇಳಿಯೂ ಬಿಟ್ಟೆ. ಎಂಬತ್ತರ ಹತ್ತಿರದ ಅಡಿಕೆ ಕೃಷಿಕರೊಬ್ಬರು ಹಿಂದಿನ ಸಾಲಿನಿಂದ ಎದ್ದರು. ‘ಅಲ್ಲ ಮಗಾ, ಆ ಪೆಟ್ಟಿಗೆ ಮೊದಲು ಅಡಿಕೆ ಒಣಗಿಸುವ ಅಂಗಳದ ಬದಿಯಲ್ಲಿ ಇತ್ತಲ್ಲವಾ? ಹುಲ್ಲಿನ ಜಾಗಕ್ಕೆ ತಂದದ್ದು ಯಾವಾಗ?’

ನನಗೆ ಗೊತ್ತಿರಲಿಲ್ಲ, ಪುಸ್ತಕದಲ್ಲೂ ಬರೆದಿರಲಿಲ್ಲ. ಹಳೆ ಬಿಲ್ಲುಗಳ ಕಟ್ಟಿನಲ್ಲಿ ಪೆಟ್ಟಿಗೆಯ ಕಾಲು ಹುಗಿಸಿದ ಕೂಲಿಯ ಚೀಟಿ ಸಿಕ್ಕಿತು. ಗೆರೆ ಇಳಿದದ್ದೂ ಅದೇ ತಿಂಗಳು. ಸಿಮೆಂಟಿನ ಅಂಗಳ, ಮುರಕಲ್ಲಿನ ಗೋಡೆ ಎರಡೂ ಬಿಸಿಲು ಕುಡಿದು ಪಕ್ಕದ ಗಾಳಿಯನ್ನು ಕಾಯಿಸುತ್ತಿದ್ದವು. ಹತ್ತಿರದ ಇನ್ನೊಂದು ಹವಾಮಾನ ಕೇಂದ್ರದ ಅಂಕೆ ಪಕ್ಕದಲ್ಲಿಟ್ಟು ತಿಂಗಳು ತಿಂಗಳಿನ ವ್ಯತ್ಯಾಸ ತೆಗೆದೆ. ಅಲ್ಲಿ ಇಳಿತವೇ ಇಲ್ಲ.

ಭೂಮಿಯ ಒಟ್ಟು ತಾಪಮಾನದ ಲೆಕ್ಕ ಹಾಕುವವರೂ ಒಂದು ಕೇಂದ್ರವನ್ನು ನೆರೆಯ ಕೇಂದ್ರಗಳ ಜೊತೆ ಹೀಗೆಯೇ ತಾಳೆ ನೋಡಿ, ಇಂಥ ವ್ಯತ್ಯಾಸವನ್ನು ತಿದ್ದುತ್ತಾರೆ ಎಂದು ಆಮೇಲೆ ಓದಿ ತಿಳಿದೆ. ‘ಅಂಕೆ ತಿದ್ದಿ ಬಿಸಿ ಹೆಚ್ಚು ತೋರಿಸುತ್ತಾರೆ’ ಎಂಬ ಮಾತು ನಮ್ಮಲ್ಲೂ ಕೇಳಿಬರುತ್ತದೆ. ಸಮುದ್ರದ ಲೆಕ್ಕ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಹಿಂದೆ ಹಡಗಿನವರು ಕ್ಯಾನ್ವಾಸ್ ಬಕೆಟಿನಲ್ಲಿ ನೀರು ಸೇದಿ ಅಳೆಯುತ್ತಿದ್ದರು. ಅಳೆಯುವಷ್ಟರಲ್ಲಿ ನೀರು ಆವಿಯಾಗಿ ಒಂಚೂರು ತಣಿಯುತ್ತಿತ್ತು. ಅದನ್ನು ಸರಿಪಡಿಸಿದಾಗ ಹಳೆಯ ಅಂಕೆಗಳು ಮೇಲೇರಿದವು, ಅಂದಿಗೂ ಇಂದಿಗೂ ಇರುವ ಅಂತರ ಕಮ್ಮಿಯಾಯಿತು. ನೆಲ, ಸಮುದ್ರ ಎರಡನ್ನೂ ಕೂಡಿಸಿದರೆ ತಿದ್ದುಪಡಿಗಳಿಂದ ಒಟ್ಟು ಏರಿಕೆ ಕಡಿಮೆಯೇ ಆಗಿದೆ.

‘1998ರ ನಂತರ ಬಿಸಿ ಏರಿಯೇ ಇಲ್ಲ’ ಎಂಬುದು ಇನ್ನೊಂದು ವಾದ. ಆ ವರ್ಷ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯೇರಿ ಭೂಮಿಯನ್ನೇ ಕೆಲಕಾಲ ಕಾಯಿಸುವ ವಿದ್ಯಮಾನ, ಜೋರಾಗಿತ್ತು. ಅಡಿಕೆಗೆ ಭಾರೀ ಬೆಲೆ ಬಂದ ವರ್ಷದಿಂದಲೇ ಲೆಕ್ಕ ಶುರು ಮಾಡಿದರೆ ಮುಂದಿನದ್ದೆಲ್ಲ ಇಳಿದ ಹಾಗೇ ಕಾಣುತ್ತದೆ. ಆದರೂ 2015ರಿಂದ 2024ರವರೆಗಿನ ಹತ್ತು ವರ್ಷಗಳಲ್ಲಿ ಪ್ರತಿಯೊಂದೂ 1998ಕ್ಕಿಂತ ಬಿಸಿ.

ಮೊನ್ನೆ ಒಬ್ಬರು ಮಾಷ್ಟ್ರು ಪತ್ರಿಕೆಯ ಎರಡು ತುಣುಕು ತಂದರು. 2024ರ ಏರಿಕೆ ಒಂದರಲ್ಲಿ 1.28 ಡಿಗ್ರಿ, ಇನ್ನೊಂದರಲ್ಲಿ 1.55. ‘ಇವರಲ್ಲೇ ಒಮ್ಮತ ಇಲ್ಲವಲ್ಲ?’ ಎಂದರು. ‘ಮಾಷ್ಟ್ರೇ, ಎಲ್ಲಿಂದ ಅಳೆದದ್ದು ಅಂತ ನೋಡಿ’ ಎಂದೆ. ನಾಸಾ 1951–1980ರ ಸರಾಸರಿಯಿಂದ ಮೇಲಕ್ಕೆ ಅಳೆದಿದೆ. ವಿಶ್ವ ಹವಾಮಾನ ಸಂಸ್ಥೆ 1850–1900ರ ಸರಾಸರಿಯಿಂದ. ನಡುವಿನ ಕಾಲದಲ್ಲೂ ಭೂಮಿ ಬಿಸಿಯೇರಿತ್ತು, ಹಾಗಾಗಿ ಎರಡನೆಯದ್ದು ದೊಡ್ಡದು. ಅವರು ಎರಡೂ ತುಣುಕಿನ ಅಂಚಿನಲ್ಲಿ ಆ ಇಸವಿಗಳನ್ನು ಪೆನ್ಸಿಲಿನಲ್ಲಿ ಬರೆದುಕೊಂಡರು.

ಈಗ ನಮ್ಮ ಪುಸ್ತಕದ ಮೊದಲ ಪುಟದಲ್ಲಿ ಪೆಟ್ಟಿಗೆ ಸರಿಸಿದ ತಾರೀಕು ಇದೆ. ಥರ್ಮಾಮೀಟರ್ ಬದಲಿಸಿದ್ದು, ಪಕ್ಕದ ಹಲಸಿನ ಮರ ಕಡಿದದ್ದು ಕೂಡ ಇದೆ. ಕಳೆದ ವಾರ ಪೆಟ್ಟಿಗೆಗೆ ಹೊಸದಾಗಿ ಬಿಳಿ ಬಣ್ಣ ಬಳಿದೆವು. ಬಣ್ಣ ಒಣಗುವ ಮೊದಲೇ ಅದನ್ನೂ ಬರೆದಿಟ್ಟೆ.