ಹೈವೇಯಲ್ಲಿ ಮಾತ್ರ ಆಫ್ ಆಗುತ್ತಿದ್ದ ಕಾರು

"ಊರೊಳಗೆ ಏನೂ ತೊಂದರೆ ಇಲ್ಲ, ಹೈವೇ ಹತ್ತಿದ್ರೆ ಆಫ್ ಆಗುತ್ತೆ." ಗ್ಯಾರೇಜಿಗೆ ಬರುವ ಕಂಪ್ಲೇಂಟುಗಳಲ್ಲಿ ನನಗೆ ಅತಿ ಹೆಚ್ಚು ತಲೆ ತಿನ್ನುವುದು ಇದೇ. ಗಾಡಿ ನಮ್ಮ ಎದುರು ನಿಂತಿರುವಷ್ಟು ಹೊತ್ತೂ ಸಾಚಾ ಮುಖ ಮಾಡಿಕೊಂಡಿರುತ್ತದೆ. ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಸ್ಟಾರ್ಟು, ಐಡ್ಲಿಂಗ್ ಸರಿ, ರೇಸ್ ಕೊಟ್ಟರೆ ಸರಿ. ಆಗ ಹೆಚ್ಚಿನವರು ಮಾಡುವುದೇನು? ಪ್ಲಗ್ ಬದಲಿಸುವುದು. ಆಮೇಲೆ ಕಾಯಿಲ್. ಆಮೇಲೆ ಗಿರಾಕಿಯನ್ನೇ ಬದಲಿಸುವುದು, ಅಂದರೆ ಅವರೇ ಬೇರೆ ಗ್ಯಾರೇಜಿಗೆ ಹೋಗುತ್ತಾರೆ.

ಹಾಗೆ ಬಂದದ್ದು ಕೊಡಗಿನ ಸಿದ್ದಾಪುರ ಕಡೆಯ ಒಂದು ಎಸ್ಟೇಟಿನ ಕಾರು. 2004ರ ಮಾಡೆಲ್, ಪೆಟ್ರೋಲ್, ಎಂಪಿಎಫ್‌ಐ, ಅಂದರೆ ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಎಂಜಿನ್. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತಿದ್ದು, ನವೆಂಬರಿನಲ್ಲಿ ಸಾವ್ಕಾರ್ರನ್ನು ಮೈಸೂರಿಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲಿ ಕೈಕೊಟ್ಟಿತ್ತು. ತಂದವರು ಎಸ್ಟೇಟಿನ ರೈಟರ್, ಅಂದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು. ಬೇರೆ ಕಡೆ ಆಗಲೇ ಪ್ಲಗ್ಗು, ವೈರು, ಕಾಯಿಲು ಎಲ್ಲ ಹೊಸದಾಗಿತ್ತು. ಕಾಯಿಲೆ ಮಾತ್ರ ಹಳೆಯದೇ.

ನಾನು ಬಾನೆಟ್ ಎತ್ತಲಿಲ್ಲ. ಟೀ ತರಿಸಿ, ಅವರನ್ನು ಕೂರಿಸಿ ಕೇಳುತ್ತಾ ಹೋದೆ.

"ರೈಟ್ರೇ, ಆಫ್ ಆಗುವಾಗ ಸ್ವಿಚ್ ಆರಿಸಿದ ಹಾಗೆ ಟಕ್ಕಂತ ಆಗ್ತದಾ? ಇಲ್ಲ ಎಳೆದಾಡ್ತದಾ?"

"ಮೊದ್ಲು ಜರ್ಕ್ ಹೊಡೀತದೆ ಅಣ್ಣ. ಆಕ್ಸಿಲೇಟ್ರು ಒತ್ತಿದ್ರೂ ಮುಂದಕ್ಕೆ ಹೋಗೋದಿಲ್ಲ. ಆಮೇಲೆ ಸೋತು ಆಫ್."

"ಕೂಡಲೇ ಸ್ಟಾರ್ಟ್ ಆಗ್ತದಾ?"

"ಇಲ್ಲ. ಸೈಡಿಗೆ ಹಾಕಿ, ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಸರಿಯಾಗ್ತದೆ."

"ಮಡಿಕೇರಿ ಏರಿನಲ್ಲಿ?"

"ಅಲ್ಲಿ ಒಂದು ದಿನವೂ ಆಗ್ಲಿಲ್ಲ. ಅದೇ ನನಗೂ ಆಶ್ಚರ್ಯ."

ಈ ಮೂರು ಉತ್ತರಕ್ಕೆ ಇರುವ ಬೆಲೆ ನನ್ನ ಟೂಲ್ ಬಾಕ್ಸಿನಲ್ಲಿರುವ ಎಷ್ಟೋ ಸಾಮಾನಿಗಿಲ್ಲ. ಎಂಜಿನ್ ಸಾಯುವ ರೀತಿ ಎರಡು. ಕರೆಂಟ್ ಹೋಗಿ ಸಾಯುವುದು ಒಂದು: ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಬಿಸಿಗೆ ಕೈಕೊಟ್ಟಾಗ, ಮೇನ್ ರಿಲೇಯ ಬೆಸುಗೆ ಬಿರುಕು ಬಿಟ್ಟಾಗ, ಶೆಡ್ಡಿನಲ್ಲಿ ಇಲಿ ವೈರು ಕಡಿದಾಗ. ಆಗ ಮುನ್ಸೂಚನೆಯೇ ಇರುವುದಿಲ್ಲ, ಟಕ್ಕಂತ ಆಫ್. ಗಾಡಿ ಇನ್ನೂ ಗೇರಿನಲ್ಲೇ ಉರುಳುತ್ತಿದೆ, ಎಂಜಿನ್ ತಿರುಗುತ್ತಲೇ ಇದೆ, ಆದರೂ ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿದ್ದಿದೆ ಅಂದರೆ ನನ್ನ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರಿನ ಮೇಲೇ. ಇನ್ನೊಂದು ಪೆಟ್ರೋಲ್ ಸಾಲದೆ ಸಾಯುವುದು. ಅದು ನಿಧಾನ, ಎಳೆದಾಟ, ಜರ್ಕು, ಕೊನೆಗೆ ನಿಲುಗಡೆ. ಸೈಲೆನ್ಸರ್ ಕಡೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡರೂ ಪಿಕಪ್ ಹೋಗುತ್ತದೆ. ಆದರೆ ಅದು ಸಾಮಾನ್ಯವಾಗಿ ಏರಿನಲ್ಲೂ ಕಾಡುತ್ತದೆ, ಬೀಡಿ ಸೇದಿದ ಮಾತ್ರಕ್ಕೆ ಬಿಟ್ಟುಕೊಳ್ಳುವುದಿಲ್ಲ.

ರೈಟ್ರು ಹೇಳಿದ್ದು ಎರಡನೇ ಥರದ ಸಾವು.

"ಸ್ಕ್ಯಾನರ್ ಹಾಕಿ ನೋಡಿ" ಅಂತ ಅವರು ಒತ್ತಾಯ ಮಾಡಿದರು. ನಮ್ಮಲ್ಲಿ ಓಬಿಡಿ, ಅಂದರೆ ಗಾಡಿಯ ಕಂಪ್ಯೂಟರೇ ತನ್ನ ದೋಷ ಗುರುತಿಸಿ ಸ್ಕ್ಯಾನರಿಗೆ ಹೇಳುವ ವ್ಯವಸ್ಥೆ, ಕಡ್ಡಾಯವಾಗಲು ಶುರುವಾದದ್ದೇ 2010ರಿಂದ. ಎರಡನೇ ಹಂತ 2013ರಲ್ಲಿ. ಅದಕ್ಕೂ ಹಿಂದಿನ ಗಾಡಿಯ ಕಂಪ್ಯೂಟರಿಗೆ ಟ್ಯಾಂಕಿನಲ್ಲಿ ಏನಾಗುತ್ತಿದೆ ಅನ್ನುವುದು ಗೊತ್ತೇ ಆಗುವುದಿಲ್ಲ, ಪೆಟ್ರೋಲ್ ಪ್ರೆಶರ್ ಅಳೆಯುವ ಸೆನ್ಸರೇ ಅದರಲ್ಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಲೈಟು ಉರಿದಿಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ.

ಹಾಗಾಗಿ ಪ್ರೆಶರ್ ಗೇಜು. ಐಡ್ಲಿಂಗಿನಲ್ಲಿ ಎರಡೂವರೆ ಬಾರ್. ಪ್ರೆಶರನ್ನು ಹದದಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಳಚಿದರೆ ಮೂರಕ್ಕೆ ಏರಿತು. ಪುಸ್ತಕದ ಪ್ರಕಾರ ನೂರಕ್ಕೆ ನೂರು. ಇಲ್ಲಿಗೇ "ಪಂಪ್ ಓಕೆ" ಅಂತ ಬರೆದು ಮುಂದಕ್ಕೆ ಹೋಗುವವರೇ ಜಾಸ್ತಿ. ಒಂದು ಸಣ್ಣ ಲೆಕ್ಕ ಹಾಕಿ: ತೊಂಬತ್ತರ ಸ್ಪೀಡಿನಲ್ಲಿ ಲೀಟರಿಗೆ ಹದಿನೈದು ಕೊಡುವ ಕಾರು ಗಂಟೆಗೆ ಆರು ಲೀಟರ್ ಕುಡಿಯುತ್ತದೆ. ನಿಂತಲ್ಲಿ ಐಡ್ಲಿಂಗಿಗೆ ಒಂದು ಲೀಟರೂ ಬೇಡ. ಒಂದು ಲೀಟರ್ ಒದಗಿಸಲು ಸಾಕಾಗುವ ಪಂಪು ಆರಕ್ಕೂ ಸಾಕಾಗುತ್ತದೆ ಅಂತ ಗ್ಯಾರೇಜಿನ ನೆರಳಲ್ಲಿ ನಿಂತು ಹೇಳುವುದು ಹೇಗೆ? ಕಾಯಿಲೆ ಎಲ್ಲಿ ಬರುತ್ತದೋ ಗೇಜನ್ನು ಅಲ್ಲಿಗೇ ಕರೆದುಕೊಂಡು ಹೋಗಬೇಕು.

ಉದ್ದ ಪೈಪಿನ ಗೇಜನ್ನು ಬಾನೆಟಿನ ಹಿಂದಿನ ಸಂದಿಯಿಂದ ಹೊರಗೆ ತಂದು, ವೈಪರ್ ಪಕ್ಕದಲ್ಲಿ ಗಾಜಿನ ಮೇಲೆ ಟೇಪ್ ಹಾಕಿ ಕೂರಿಸಿದೆ. ಗೇಜು ಹೊರಗೇ ಇರಬೇಕು. ಪ್ರೆಶರಿನಲ್ಲಿರುವ ಪೆಟ್ರೋಲನ್ನು ಕ್ಯಾಬಿನ್ ಒಳಗೆ ತರುವ ಧೈರ್ಯ ಯಾರೂ ಮಾಡಬೇಡಿ. ಜಾಯಿಂಟಿನಲ್ಲಿ ಒಂದು ಹನಿ ಜಿನುಗಿದರೂ ಹೊರಡಬೇಡಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಓಡಿಸಲು ರೈಟ್ರು, ಪಕ್ಕದಲ್ಲಿ ನಾನು. ಹೊರಡುವ ಮುಂಚೆ ಅವರಿಗೆ ಹೇಳಿದ್ದು ಇಷ್ಟೇ: ಎಂಜಿನ್ ಆಫ್ ಆದರೆ ಸ್ಟೇರಿಂಗ್ ಭಾರವಾಗುತ್ತದೆ, ಗಾಬರಿ ಬೇಡ, ಬ್ರೇಕು ಒಂದೆರಡು ಸಲ ಮಾಮೂಲಾಗಿ ಹಿಡಿಯುತ್ತದೆ, ಆಮೇಲೆ ಕಲ್ಲಾಗುತ್ತದೆ, ಆದ್ದರಿಂದ ಪಂಪ್ ಮಾಡದೆ ಒಂದೇ ಸಮ ಒತ್ತಿ, ಏನೇ ಆದರೂ ಓಡುವ ಗಾಡಿಯ ಕೀ ಎಳೆಯಬೇಡಿ, ಸ್ಟೇರಿಂಗ್ ಲಾಕ್ ಆದೀತು.

ಕುಶಾಲನಗರದಲ್ಲಿ ಕೆಲಸ ಮಾಡುವ ನಮಗೆ ಇದಕ್ಕೊಂದು ಅನುಕೂಲವಿದೆ. 275ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ತಿರುಗಿದರೆ ಸುಂಟಿಕೊಪ್ಪ ದಾಟಿ ಮಡಿಕೇರಿವರೆಗೂ ಏರು, ತಿರುವು. ಕಾವೇರಿ ಸೇತುವೆ ದಾಟಿ ಪೂರ್ವಕ್ಕೆ ಹೋದರೆ ಬೈಲುಕುಪ್ಪೆ, ಪಿರಿಯಾಪಟ್ಟಣದ ಕಡೆ ಕಾಲು ಎತ್ತದೆ ಓಡಿಸಬಹುದಾದ ರಸ್ತೆ. ಎರಡೂ ಪರೀಕ್ಷೆ ಒಂದೇ ರೋಡಿನಲ್ಲಿ. ನಾವು ಪೂರ್ವಕ್ಕೆ ಹೊರಟೆವು.

ಬೈಲುಕುಪ್ಪೆ ದಾಟಿ ಟಾಪ್ ಗೇರಿನಲ್ಲಿ ಎಂಬತ್ತು ಹಿಡಿಸಿದೆ. ಮುಳ್ಳು ಮೂರರ ಹತ್ತಿರ ಅಲುಗದೆ ನಿಂತಿತ್ತು. ಸ್ವಲ್ಪ ಹೊತ್ತಿಗೆ ಎರಡು ಮುಕ್ಕಾಲು. ಎರಡೂವರೆ. ಎರಡು. ಗಾಡಿ ಇನ್ನೂ ಆರಾಮಾಗಿ ಓಡುತ್ತಿದೆ, ರೈಟ್ರಿಗೆ ಏನೂ ಗೊತ್ತಾಗಿಲ್ಲ, ಆದರೆ ಮುಳ್ಳು ಆಗಲೇ ಕತೆ ಹೇಳಿ ಮುಗಿಸಿತ್ತು. ಒಂದೂವರೆಗೆ ಇಳಿದಾಗ ಮೊದಲ ಜರ್ಕು, ಆಮೇಲೆ ಆಫ್. ಆರ್‌ಪಿಎಂ ಮುಳ್ಳು ಗಾಡಿಯ ವೇಗದ ಜೊತೆಗೇ ಇಳಿಯಿತು, ಅಂದರೆ ಸೆನ್ಸರ್ ಬದುಕಿದೆ.

ಸೈಡಿಗೆ ಹಾಕಿದ ಕೂಡಲೇ ಇಳಿದು ಪೆಟ್ರೋಲ್ ಮುಚ್ಚಳ ತೆಗೆದೆ. ಟ್ಯಾಂಕಿನ ಗಾಳಿದಾರಿ ಕಟ್ಟಿದ್ದರೆ ಒಳಗೆ ಗಾಳಿ ಎಳೆದುಕೊಳ್ಳುವ ಶಬ್ದ ಬರಬೇಕಿತ್ತು, ಬರಲಿಲ್ಲ. ವಾಪಸ್ ಬಂದು, ಟ್ಯಾಂಕಿಗೆ ಕೈ ಹಾಕುವ ಮೊದಲು, ಹಿಂದಿನ ಸೀಟು ಎತ್ತಿ ಪಂಪಿನ ಕನೆಕ್ಟರಿನಲ್ಲಿ ವೋಲ್ಟೇಜ್ ನೋಡಿದೆ. ನಮ್ಮ ಥಂಡಿಗೆ ಅಲ್ಲಿನ ಅರ್ಥ್ ಪಾಯಿಂಟಿಗೆ ತುಕ್ಕು ಹಿಡಿದು, ಬ್ಯಾಟರಿಯ ಹತ್ತಿರ ಇರುವ ವೋಲ್ಟು ಪಂಪಿಗೆ ತಲುಪದೆ ಹೋಗುವುದು ಮಾಮೂಲು. ಆಗ ಪಂಪ್ ಬದಲಿಸಿದರೆ ದುಡ್ಡು ದಂಡ. ಇದರಲ್ಲಿ ಅರ್ಧ ವೋಲ್ಟಿನ ವ್ಯತ್ಯಾಸವೂ ಇರಲಿಲ್ಲ.

ಉಳಿದದ್ದು ಧಾರೆ ಪರೀಕ್ಷೆ. ಪೈಪನ್ನು ಕ್ಯಾನಿಗೆ ಬಿಟ್ಟು ಪಂಪ್ ಓಡಿಸಿದರೆ ಅರ್ಧ ನಿಮಿಷಕ್ಕೆ ಅರ್ಧ ಲೀಟರಾದರೂ ಬರಬೇಕು. ಬಂತು, ಚೆನ್ನಾಗೇ ಬಂತು. ನಾನು ನಿಲ್ಲಿಸಲಿಲ್ಲ, ಬಿಟ್ಟುಕೊಂಡೇ ಇದ್ದೆ. ಬರಬರುತ್ತಾ ಧಾರೆ ಸಣ್ಣಗಾಗಿ, ಗುಳ್ಳೆ ಕಾಣಿಸಿ, ಪಂಪಿನ ಗುಂಯ್ ಶಬ್ದ ಕೀರಲಾಯಿತು. ಪಂಪಿಗೆ ತಳ್ಳುವ ಶಕ್ತಿ ಇದೆ, ಎಳೆದುಕೊಳ್ಳಲು ಪೆಟ್ರೋಲ್ ಸಿಗುತ್ತಿಲ್ಲ.

ಟ್ಯಾಂಕ್ ಇಳಿಸಿದಾಗ ಪಂಪಿನ ಬುಡದ ಜಾಲರಿ ಕಂದು ಬಣ್ಣಕ್ಕೆ ತಿರುಗಿತ್ತು, ಸೋಸುವ ಬಟ್ಟೆಗೆ ಕಾಫಿ ಗಷ್ಟು ಮೆತ್ತಿಕೊಂಡ ಹಾಗೆ. ಬೆರಳಿಗೆ ಹತ್ತಿದ್ದು ತುಕ್ಕಿನ ನುಣ್ಣನೆ ಪುಡಿ. ಪಂಪು ಎಳೆಯುತ್ತಿರುವಾಗ ಅದು ಜಾಲರಿಗೆ ಬಂದು ಅಂಟುತ್ತದೆ, ಆಫ್ ಆದ ಮೇಲೆ ಕಳಚಿ ತಳಕ್ಕೆ ಬೀಳುತ್ತದೆ. ಬೀಡಿಯ ಗುಟ್ಟು ಅದು. ಮಡಿಕೇರಿ ಏರಿನಲ್ಲಿ ಯಾಕೆ ಆಗಲಿಲ್ಲ ಅನ್ನುವುದಕ್ಕೆ ನನ್ನ ಊಹೆ: ಪ್ರತಿ ತಿರುವಿಗೂ ಕಾಲು ಎತ್ತುತ್ತೇವೆ, ಟ್ಯಾಂಕಿನೊಳಗೆ ಪೆಟ್ರೋಲ್ ಆಚೀಚೆ ತುಳುಕುತ್ತದೆ, ಪಂಪಿಗೆ ಸುಧಾರಿಸಿಕೊಳ್ಳಲು ಆಗಾಗ ಪುರುಸೊತ್ತು ಸಿಗುತ್ತದೆ.

ತುಕ್ಕು ಎಲ್ಲಿಂದ? ಕಾಲು ಟ್ಯಾಂಕ್ ಪೆಟ್ರೋಲಿನಲ್ಲಿ ಗಾಡಿ ಜೂನಿಂದ ನಿಂತಿದೆ. ಖಾಲಿ ಭಾಗದ ತುಂಬ ನಮ್ಮ ಮಳೆಗಾಲದ ಒದ್ದೆ ಗಾಳಿ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಬೇರೆ ನೀರನ್ನು ಹೀರಿಕೊಳ್ಳುತ್ತದೆ. ಕೇಳುತ್ತಾ ಹೋದಾಗ ಇನ್ನೊಂದು ವಿಷಯವೂ ಹೊರಬಿತ್ತು: ಕಳೆ ಹೊಡೆಯುವ ಮೆಷಿನ್ನಿಗೆ ಸ್ಟೋರಿನಲ್ಲಿಟ್ಟಿದ್ದ ತಗಡಿನ ಕ್ಯಾನಿನಿಂದಲೂ ಒಂದೆರಡು ಸಲ ಕಾರಿಗೆ ಸುರಿದಿದ್ದರಂತೆ. ಸೋಸದೆ.

ಟ್ಯಾಂಕ್ ತೊಳೆದು ಒಣಗಿಸಿ, ಜಾಲರಿ ಮತ್ತು ಲೈನಿನ ಫಿಲ್ಟರ್ ಹೊಸದು ಹಾಕಿ, ಅದೇ ಗೇಜು ಕಟ್ಟಿಕೊಂಡು ಪಿರಿಯಾಪಟ್ಟಣದವರೆಗೆ ಹೋಗಿ ಬಂದೆವು. ಮುಳ್ಳು ಕದಲಲಿಲ್ಲ. ಪಂಪ್ ಹಳೆಯದೇ ಉಳಿಯಿತು.

ಬಿಲ್ ನೋಡಿ ರೈಟ್ರು ತಕರಾರು ತೆಗೆದರು. ಸಾಮಾನಿನ ರೇಟಿಗಲ್ಲ, ಟೆಸ್ಟಿಂಗ್ ಅಂತ ಬೇರೆ ಸಾಲು ಬರೆದಿದ್ದಕ್ಕೆ. "ಓಡಿಸಿ ನೋಡಿದ್ದಕ್ಕೂ ದುಡ್ಡಾ ಅಣ್ಣ? ಸಾವ್ಕಾರ್ರು ಕೇಳ್ತಾರೆ." ಕೇಳಲಿ ಅಂದೆ. ಬೇಡದ ಕಾಯಿಲಿಗೆ ಕೊಟ್ಟ ದುಡ್ಡು ಇದರ ಪಕ್ಕದಲ್ಲಿಟ್ಟು ತೋರಿಸಿ ಅಂದೆ. ಹುಡುಕುವ ಕೆಲಸಕ್ಕೆ ಕೂಲಿ ಕೇಳಲು ನಾಚಿಕೊಳ್ಳುವ ಮೆಕ್ಯಾನಿಕ್ ಅದನ್ನು ಬೇಡದ ಪಾರ್ಟಿನ ಲಾಭದಲ್ಲಿ ಮುರಿದುಕೊಳ್ಳುತ್ತಾನೆ; ನಮ್ಮ ಕಸುಬಿಗೆ ಕೆಟ್ಟ ಹೆಸರು ಬಂದಿರುವುದೇ ಅಲ್ಲಿಂದ ಅಂತ ನನ್ನ ಲೆಕ್ಕ.

ಎಷ್ಟು ತೊಳೆದರೂ ಟ್ಯಾಂಕಿನ ಮೂಲೆಯಲ್ಲಿ ಸ್ವಲ್ಪ ಪುಡಿ ಉಳಿದೇ ಇರುತ್ತದೆ. ಒಂದು ಸಾವಿರ ಕಿಲೋಮೀಟರ್ ಆದ ಮೇಲೆ ಲೈನಿನ ಫಿಲ್ಟರ್ ಇನ್ನೊಮ್ಮೆ ಬದಲಿಸಲು ಬನ್ನಿ ಅಂತ ಬಿಲ್ಲಿನ ಹಿಂದೆ ಬರೆದು ಕೊಟ್ಟಿದ್ದೇನೆ. ಕಾಫಿ ಕುಯ್ಲು ಮುಗೀಲಿ ಅಂದಿದ್ದಾರೆ ರೈಟ್ರು.