ಜೇಬಿನಲ್ಲೇ ಉಳಿದ ತಾಮ್ರ

ಮೆಟಲರ್ಜಿ ಕೊನೆಯ ವರ್ಷ. ನಮ್ಮ ಮೇಷ್ಟ್ರು ಕ್ಲಾಸಿಗೆ ಟ್ರಾನ್ಸ್‌ಫಾರ್ಮರಿನ ಹಳೆಯ ತಗಡೊಂದನ್ನು ಹಿಡಿದು ಬಂದಿದ್ದರು. ಕಬ್ಬಿಣಕ್ಕೆ ಶೇ. 3ರಷ್ಟು ಸಿಲಿಕಾನ್ ಸೇರಿಸಿದರೆ ವಿದ್ಯುತ್ತಿಗೆ ಅದರ ತಡೆ ನಾಲ್ಕೈದು ಪಟ್ಟು ಏರುತ್ತದೆ. ಒಳಗೆ ಸುಳಿಯುವ ಕರೆಂಟು ತಗ್ಗುತ್ತದೆ, ಇಂಥ ತಗಡುಗಳನ್ನು ಜೋಡಿಸಿ ಮಾಡಿದ ಕೋರ್ (ಟ್ರಾನ್ಸ್‌ಫಾರ್ಮರಿನ ತಿರುಳು) ಬಿಸಿಯಾಗುವುದು ಕಮ್ಮಿ. ಇಂಗ್ಲೆಂಡಿನ ಶೆಫೀಲ್ಡ್‌ನ ಉಕ್ಕು ತಜ್ಞ ಹ್ಯಾಡ್‌ಫೀಲ್ಡ್ 1900ರ ಸುಮಾರಿಗೇ ಇದರ ಬೆನ್ನು ಹತ್ತಿದ್ದ.

"ಹಾಗಾದ್ರೆ ಜಾಸ್ತಿ ಹಾಕಬಹುದಲ್ವಾ ಸರ್?" ಎಂದೆ. "6.5 ಹಾಕು. ಗುಂಯ್ ಅನ್ನುವ ಸದ್ದೂ ಹೆಚ್ಚುಕಡಿಮೆ ನಿಲ್ಲುತ್ತೆ. ಆದ್ರೆ ತಗಡು ಹಪ್ಪಳದ ಹಾಗೆ ಮುರಿಯುತ್ತೆ," ಎಂದರು.

ಆ ಮಾತಿಗೆ ಮರುಳಾಗಿ ನಾವು ಮೂವರು ಪ್ರಾಜೆಕ್ಟಿಗೆ, ಸಿಲಿಕಾನ್ ಇನ್ನೂ ಜಾಸ್ತಿ ಇರುವ, ಕೋರ್‌ಗೇ ಬಳಸುವ ಫೈನ್‌ಮೆಟ್ ಆರಿಸಿಕೊಂಡೆವು. 1988ರಲ್ಲಿ ಹಿಟಾಚಿ ಮೆಟಲ್ಸ್‌ನ ಯೋಶಿಝಾವಾ ಮತ್ತು ಸಂಗಡಿಗರು ಪ್ರಕಟಿಸಿದ ಮಿಶ್ರಲೋಹ ಅದು. ನೂರು ಪರಮಾಣುಗಳಲ್ಲಿ 73.5 ಕಬ್ಬಿಣ, 13.5 ಸಿಲಿಕಾನ್, 9 ಬೋರಾನ್, 3 ನಯೋಬಿಯಂ, ತಾಮ್ರ ಬರೀ ಒಂದು. ಕರಗಿಸಿ, ಗಿರಗಿರ ತಿರುಗುವ ಚಕ್ರದ ಮೇಲೆ ಚಿಮ್ಮಿಸಿದರೆ ಗಾಜಿನಂಥ ಒಳರಚನೆಯ ತೆಳು ರಿಬ್ಬನ್ ಸಿಗುತ್ತದೆ. ಆಮೇಲೆ ಸುಮಾರು 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಬೇಕು.

ಚಕ್ರದ ಯಂತ್ರ ನಮ್ಮಲ್ಲಿರಲಿಲ್ಲ. ಬೇರೆ ಊರಿನ ಲ್ಯಾಬಿಗೆ ರಾತ್ರಿ ಬಸ್ಸಿನಲ್ಲಿ ಹೋದೆವು. 50 ಗ್ರಾಂ ಸರಕಿಗೆ ತಾಮ್ರ 0.65 ಗ್ರಾಂ ಕೂಡ ಬೇಡ. ಅದನ್ನು ಮಡಚಿದ ಕಾಗದದಲ್ಲಿಟ್ಟು ಏಪ್ರನ್ ಜೇಬಿಗೆ ಹಾಕಿಕೊಂಡವನು ನಾನೇ.

ರಿಬ್ಬನ್ ಚೆನ್ನಾಗಿಯೇ ಬಂತು. ಆದರೆ ಕಾಯಿಸಿ ಅಳೆದರೆ, ದಾರದಷ್ಟು ಸಣಕಲಾಗಿರಬೇಕಿದ್ದ ಹಿಸ್ಟರಿಸಿಸ್ ಲೂಪ್ (ಕಾಂತವನ್ನು ಹಿಂದೆ ಮುಂದೆ ತಿರುಗಿಸುವಾಗ ಪೋಲಾಗುವ ಶಕ್ತಿಯನ್ನು ತೋರಿಸುವ ಗ್ರಾಫಿನ ಕುಣಿಕೆ) ದಪ್ಪಗೆ ಊದಿಕೊಂಡಿತ್ತು. ಫರ್ನೇಸ್ ಸರಿಯಿಲ್ಲ ಎಂದು ಒಂದು ವಾರ ವಾದ ಮಾಡಿದೆ. ಮೇಷ್ಟ್ರು ಗ್ರಾಫ್ ನೋಡಿದವರೇ "ತಾಮ್ರ ಹಾಕಿದ್ರಾ?" ಎಂದರು. ನನ್ನ ಕೈ ಸುಮ್ನೆ ಜೇಬಿಗೆ ಹೋಯಿತು. ಪೊಟ್ಟಣ ಅಲ್ಲೇ ಇತ್ತು.

ಕಬ್ಬಿಣಕ್ಕೂ ತಾಮ್ರಕ್ಕೂ ಆಗಿಬರುವುದಿಲ್ಲ. ಬಿಸಿ ಏರುವಾಗ ತಾಮ್ರ ಅಲ್ಲಲ್ಲಿ ಪುಟ್ಟ ಗುಂಪು ಕಟ್ಟುತ್ತದೆ. ಪ್ರತಿ ಗುಂಪಿನ ಪಕ್ಕ ಒಂದು ಕಬ್ಬಿಣ-ಸಿಲಿಕಾನ್ ಹರಳು ಮೊಳೆಯುತ್ತದೆ. ಒತ್ತಾಗಿ ಬಿತ್ತಿದ ರಾಗಿ ಪೈರಿನಂತೆ ಯಾವುದಕ್ಕೂ ದಪ್ಪವಾಗಲು ಜಾಗವಿಲ್ಲ. ಸುತ್ತ ಉಳಿದ ನಯೋಬಿಯಂ ಬೆಳೆಯಲೂ ಬಿಡದು. ಹರಳುಗಳು 10-15 ನ್ಯಾನೋಮೀಟರ್‌ಗೇ ನಿಲ್ಲುತ್ತವೆ. ಅಷ್ಟು ಸಣ್ಣದಾದರೆ ಕಾಂತ ತನ್ನ ದಿಕ್ಕಿಗೇ ಇರಲಿ ಎನ್ನುವ ಒಂದೊಂದು ಹರಳಿನ ಹಟವೂ ಅಕ್ಕಪಕ್ಕದವುಗಳ ಜೊತೆ ಸೇರಿ ಅಳಿಸಿಹೋಗುತ್ತದೆ, ಕಾಂತ ಸಲೀಸಾಗಿ ತಿರುಗುತ್ತದೆ. ತಾಮ್ರ ಬಿಟ್ಟಿರಾ, ಮೊಳಕೆಗಳೇ ಕಮ್ಮಿ. ಬಂದ ಹರಳುಗಳು ಒರಟು.

ಮತ್ತೆ ಅದೇ ಬಸ್ಸು. ಈ ಸಲ ತೂಕ ಮಾಡುವಾಗ ಮೂವರೂ ತಕ್ಕಡಿಯ ಮುಂದೆ ನಿಂತೆವು. ಲೂಪ್ ಸಣಕಲಾಯಿತು.

ವೈವಾದ ದಿನ ಹೊರಗಿನಿಂದ ಬಂದ ಪರೀಕ್ಷಕರು ಇನ್ನೂ ಪ್ರಶ್ನೆ ಮುಗಿಸಿರಲಿಲ್ಲ, "ತಾಮ್ರ, ಸರ್" ಎಂದು ಮೂವರೂ ಒಟ್ಟಿಗೆ ಹೇಳಿದೆವು. ಅವರು ಕೇಳುತ್ತಿದ್ದದ್ದು ಇದರಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದು ಯಾವುದು ಅಂತ.